ಒಳಮಣ್ಣು

ಮಿಸೆಸ್ ಹೇಗ್ ಬೀಗದ ಕೈ ಕೊಟ್ಟಾಗ
ಅವರ ಹೆಸರಿಗೇ ನಾನಿನ್ನೂ ಒಗ್ಗಿರಲಿಲ್ಲ.
ಕರೆದಾಗಲೆಲ್ಲ ಏನನ್ನೋ ಕೇಳಿದಂತಾಗುತ್ತಿತ್ತು:
ಹೇಗ್?
ಅವರೂ ಉತ್ತರ ಕೊಡುವವರಂತೆ ತಲೆಯಾಡಿಸುತ್ತಿದ್ದರು.

ಹಡರ್ಸ್‌ಫೀಲ್ಡಿನ ಗುಡ್ಡದ ಇಳಿಜಾರಲ್ಲಿ ಹದಿನಾಲ್ಕನೇ ಪ್ಲಾಟು,
ಅದರ ಮೂಲೆಗೆ ಅವರ ಗಂಡ ಕ್ಲಿಫರ್ಡ್ ಕಟ್ಟಿದ ಗಾಜಿನ ಮನೆ.
ಯಾರದೋ ಮನೆಯ ಹಳೆ ಕಿಟಕಿಗಳು, ಯಾವುದೋ ಚಾಪೆಲ್ಲಿನ ಬಾಗಿಲು,
ನಡುವೆ ಒಂದಾಳು ಅಗಲದ ಇಟ್ಟಿಗೆ ದಾರಿ,
ಎರಡೂ ಬದಿಗೆ ಹನ್ನೆರಡಡಿ ಉದ್ದ ಮಣ್ಣು. ಬರೀ ಮಣ್ಣು.
ಕುಂಡವಿಲ್ಲ, ಚೀಲವಿಲ್ಲ, ತಟ್ಟೆಯಿಲ್ಲ.

ಪಕ್ಕದ ಪ್ಲಾಟಿನವ ಹೇಳಿದ: ಗ್ರೋಬ್ಯಾಗ್ ತಂದುಬಿಡು,
ಹಳೇ ಮಣ್ಣಲ್ಲಿ ರೋಗ ಕೂತಿರುತ್ತೆ.
ತಂದೆ, ಮೊದಲ ವರ್ಷ, ಆರು ಚೀಲ.
ಡಯಾಲಿಸಿಸ್ ವಾರ್ಡಿನ ರಾತ್ರಿ ಪಾಳಿ ನನ್ನದು.
ಬೆಳಿಗ್ಗೆ ನೀರೆರೆದು ಹೋಗಿ, ಮಲಗಿ, ಎದ್ದು ಬರುವಷ್ಟರಲ್ಲಿ
ಗಿಡಗಳು ಕತ್ತು ಚೆಲ್ಲಿರುತ್ತಿದ್ದವು.
ಅಳೆದು ಕುಡಿಸು, ಅಳೆದು ಉಣಿಸು,
ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು,
ಅದನ್ನೇ ಮಾಡಿ ಬಂದಿರುತ್ತೇನಲ್ಲ ರಾತ್ರಿಯಿಡೀ.

ಎರಡನೇ ವರ್ಷ ನೆಲಕ್ಕೇ ಇಟ್ಟೆ.
ನಾಲ್ಕು ಟೊಮೆಟೊ, ಒಂದು ಸೌತೆ,
ಲೆಸ್ಟರಿನಿಂದ ಕೋಚಿನಲ್ಲಿ ನನ್ನ ಮಡಿಲಲ್ಲೇ ಕೂತು ಬಂದ
ಒಂದು ಹೀರೆ ಸಸಿ.
ಒಂದು ವಾರ ಮುನಿಸಿಕೊಂಡಂತೆ ಸುಮ್ಮನಿದ್ದವು.
ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟವು.
ಎರಡು ದಿನ ಹೋಗದಿದ್ದರೂ ನೆಟ್ಟಗೆ ನಿಂತಿರುತ್ತಿದ್ದವು,
ಕೆಳಗೆಲ್ಲೋ ಬೇರೆ ಅಡುಗೆಮನೆ ಸಿಕ್ಕಿತ್ತು ಅವಕ್ಕೆ.

ನಾಲ್ಕನೇ ವರ್ಷ ಏರಲಿಲ್ಲ.
ನಡುಹಗಲಿಗೆ ಬಾಡಿ, ಸಂಜೆಗೆ ಚೇತರಿಸಿ,
ಒಂದು ಸಂಜೆ ಚೇತರಿಸುವುದನ್ನು ಮರೆತವು.
ಕಿತ್ತರೆ ಬೇರು ಕಂದು, ಉಜ್ಜಿದರೆ ಪುಡಿ.
ಮಿಸೆಸ್ ಹೇಗ್ ಬೋರಲು ಬಕೆಟ್ಟಿನ ಮೇಲೆ ಕೂತು
ಮಣ್ಣನ್ನು ಹಿಸುಕಿದರು, ಮೂಸಿದರು,
ಹಾಲು ಕೆಟ್ಟಿದೆಯೇ ನೋಡುವವರ ಹಾಗೆ.
"ದಣಿದಿದೆ. ಕ್ಲಿಫರ್ಡ್ ಇದಕ್ಕೆ ಜನವರಿಯಲ್ಲಿ ರಜೆ ಕೊಡ್ತಿದ್ದ.
ಅವನು ಹೋದಮೇಲೆ ಯಾರೂ ಕೊಟ್ಟಿಲ್ಲ. ಹನ್ನೊಂದು ವರ್ಷ."

ಆಗ ಹೊಳೆಯಿತು. ಈ ಊರಲ್ಲಿ,
ಒಗೆದ ಬಟ್ಟೆ ರೇಡಿಯೇಟರಿನ ಮೇಲೆಯೇ ಮುದಿಯಾಗುವ,
ಗೋಡೆಗಳು ಪಾಚಿ ಉಟ್ಟ ಈ ಊರಲ್ಲಿ
ಹನ್ನೊಂದು ವರ್ಷದಿಂದ ಒಂದು ಹನಿ ಮಳೆ ಕಾಣದ ಮಣ್ಣಿತ್ತು,
ಗಾಜಿನ ಮೇಲೆ ಅದು ಬೀಳುವ ಸದ್ದನ್ನು ಮಾತ್ರ
ಕೇಳುತ್ತಾ.

ಅಕ್ಟೋಬರಿನಲ್ಲಿ ಅಗೆದೆವು. ಅಂದರೆ, ನಾನು ಅಗೆದೆ.
ಸನಿಕೆಯಾಳ ಮಣ್ಣು ಹೊರಗೆ,
ಬೀನ್ಸ್ ಮಡಿಯಿಂದ ಅಷ್ಟೇ ಮಣ್ಣು ಒಳಗೆ,
ಮೂವತ್ತೇಳು ತಳ್ಳುಗಾಡಿ.
ಲೆಕ್ಕ ಅವರದು, ಕೋ-ಆಪ್ ರಸೀದಿಯ ಬೆನ್ನಿಗೆ ಗೀಟು ಎಳೆದೆಳೆದು.
ಹಸಿರು ಹುರಿ ಸಿಕ್ಕಿತು, ಸೇದಿ ಬಿಸುಟ ಮಣ್ಣಿನ ಕೊಳವೆಯ ತುಂಡು,
ಸತುವಿನ ಒಂದು ಲೇಬಲ್ಲು, ಕ್ಲಿಫರ್ಡ್ ಕೈಬರಹ:
'ಇದು ಇನ್ನೊಮ್ಮೆ ಬೇಡ.'
ಯಾವುದು ಅಂತ ಬರೆಯಬಾರದಿತ್ತೇ, ಪುಣ್ಯಾತ್ಮ!
ಮಿಸೆಸ್ ಹೇಗ್ ಕೆಮ್ಮು ಬರುವಷ್ಟು ನಕ್ಕರು,
ಲೇಬಲ್ಲನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಬಾಗಿಲ ಬಳಿ ಬಿಳಿ ಬೇರೊಂದು, ದಾರದಷ್ಟು ಸಪೂರ.
ಬಾಡದೆ ಉಳಿದಿದ್ದ ಹೀರೆಯದು.
ಬೆರಳಲ್ಲಿ ಬಿಡಿಸುತ್ತ ಹಿಂದೆ ಹೋದೆ:
ಪಾಯದ ಇಟ್ಟಿಗೆಯಡಿ ನುಸುಳಿ, ಹೊರಗೆ,
ಕಾಲುದಾರಿ ದಾಟಿ,
ಸೋರುವ ಮಳೆನೀರಿನ ಡ್ರಮ್ಮಿನ ಬುಡಕ್ಕೆ.
ಕಳ್ಳಿ. ಯಾರಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ಪುಟ್ಟಿ ಕೆರೆದು
ಚಾವಣಿಯ ಒಂಬತ್ತು ಗಾಜು ಇಳಿಸಿದೆ.
ನಾಲ್ಕು ದಿನ ಬರೀ ಒಣ ಚಳಿ, ನಾಚಿಕೆಗೇಡು.
ಐದನೇ ರಾತ್ರಿ ಮೂರು ಗಂಟೆಗೆ
ವಾರ್ಡಿನ ಕಿಟಕಿಗೆ ಯಾರೋ ಅಕ್ಕಿ ಎರಚಿದಂತಾಯಿತು.
ಆರನೇ ಹಾಸಿಗೆಯ ಮುದುಕ ಕಣ್ಣು ಬಿಟ್ಟು ಬೈದ, ಹಾಳು ಮಳೆ.
ನಾನು ಅವನ ಕೊಳವೆ ಸರಿಪಡಿಸಿ, ಹೌದು, ಹಾಳು, ಎಂದೆ.

ಬೆಳಿಗ್ಗೆ ಯೂನಿಫಾರ್ಮಿನಲ್ಲೇ ಗುಡ್ಡ ಹತ್ತಿದೆ.
ನನಗಿಂತ ಮೊದಲೇ ಬಂದಿದ್ದರು,
ಗಾಜಿನ ಮನೆಯೊಳಗೆ
ಕೊಡೆ ಬಿಡಿಸಿ ನಿಂತಿದ್ದರು.
ಮಿಸೆಸ್ ಹೇಗ್, ಎಂದೆ.
ಶ್, ಎಂದು ಬೆರಳಲ್ಲಿ ಕೆಳಗೆ ತೋರಿಸಿದರು.
ಕುಡಿಯುತ್ತಿತ್ತು.