ಮಚ್ಚೆ, ಹಚ್ಚೆ

ಹಟ್ಟಿ ಗಣಿಯ ದವಾಖಾನೆ, ಮೂರನೇ ನಂಬರಿನ ಕೋಣೆ.
ಅಪ್ಪ ಸತ್ತ ಮೇಲೆ ಅನುಕಂಪದ ನೌಕರಿಗೆ
ಮೈ ತಪಾಸಣೆ.
ತೂಕ ಆಯಿತು, ಎದೆಯ ಎಕ್ಸರೇ ಆಯಿತು,
ಕೊನೆಗೆ ಶಾಲೆಯ ದಾಖಲೆ ಬಿಚ್ಚಿ ಡಾಕ್ಟರು ಓದಿದರು:
ಅಮರಮ್ಮ ತಂದೆ ಯಂಕೋಬ.
ಗುರುತು, ಎಡ ಮಣಿಕಟ್ಟಿನ ಮೇಲೆ ಕಪ್ಪು ಮಚ್ಚೆ.

ಕೈ ಚಾಚಿದೆ.
ಕನ್ನಡಕ ಹಣೆಗೇರಿಸಿ, ಹತ್ತಿ ಒದ್ದೆ ಮಾಡಿ ಉಜ್ಜಿ, ಬೆಳಕಿಗೆ ತಿರುಗಿಸಿ
'ಇದು ಮಚ್ಚಿ ಅಲ್ಲವ್ವ, ಹಚ್ಚಿ' ಅಂದರು.
ನಕ್ಕರು. ನಕ್ಕು ಸಹಿ ಹಾಕಿದರು.
'ಒಂದಕ್ಷರದ ಫರಕು, ಯಾರ ನೋಡ್ತಾರ.'

ನಾನು ನೋಡಿದೆ.
ಕ್ಯಾಂಪಿನ ಬೇವಿನ ಸಾಲು ಮುಗಿಯುವ ತನಕ ನೋಡುತ್ತಲೇ ನಡೆದೆ.
ಹಸಿರು. ಎಳ್ಳಿನಷ್ಟು. ಇಪ್ಪತ್ತೆರಡು ವರ್ಷದಿಂದ
ಹಸಿರೇ ಇತ್ತು,
ನಾನೇ ಅದನ್ನು ಕಪ್ಪು ಮಾಡಿಕೊಂಡು ನೋಡುತ್ತ ಬಂದಿದ್ದೆ.

ನೆನಪಿದೆ ಅಂದುಕೊಂಡಿದ್ದೇನೆ:
ಹಚ್ಚೆಯ ಮುದುಕಿ ಅಂಗಳದಲ್ಲಿ ಕುಂತು
ಮೂರು ಸೂಜಿ ಕೂಡಿಸಿ ದಾರ ಸುತ್ತುತ್ತಿದ್ದಳು.
ಚಿಪ್ಪಿನಲ್ಲಿ ದೀಪದ ಮಸಿ, ಯಾವುದೋ ಎಲೆಯ ರಸ.
ಅವ್ವ ಒಂದು ಹುಡುಗಿಯನ್ನು ತೊಡೆಗಳ ನಡುವೆ ಅಮುಕಿ ಹಿಡಿದಿದ್ದಳು.
ಹುಡುಗಿ ಚೀರುತ್ತಿದ್ದಳು.
ನಾನು ಬಾಗಿಲ ಹಿಂದೆ, ಬೆಲ್ಲದ ಹರಳು ಚೀಪುತ್ತ, ನೋಡುತ್ತಿದ್ದೆ.

ನೋಡುತ್ತಿದ್ದೆ ಅಂದರೆ
ಅವಳ ಮುಖ ಕಾಣಬೇಕಲ್ಲ. ಕಾಣುವುದಿಲ್ಲ.
ನೋವು ನನ್ನ ಕೈಯಲ್ಲಿದೆ,
ಬೆಲ್ಲವೂ ನನ್ನ ಬಾಯಲ್ಲೇ ಇದೆ.

ಟನ್ನುಗಟ್ಟಲೆ ಕಲ್ಲು ಅರೆದು ಚಿಟಿಕೆ ಬಂಗಾರ ತೆಗೆಯುವ ಊರು ನಮ್ಮದು.
ಉಳಿದದ್ದನ್ನು ಗುಡ್ಡ ಮಾಡಿ, ಬೇಲಿ ಹಾಕಿ, ಮರೆಯುತ್ತಾರೆ.
ಆ ಬೇಲಿ ಹರಿದ ಕಡೆ ನುಸುಳಿ
ಬಿಳಿ ಮಣ್ಣಿನ ಮೇಲೆ ಜಾರಿ ಆಡಿದ್ದೆವು.
ಇಬ್ಬರು. ಒಬ್ಬಳ ಲಂಗ ಕೆಂಪು.
ಕೆಳಗೆ ಹೊಂಡ, ಕೆನೆಗಟ್ಟಿದ ಹಾಲಿನಂಥ ನೀರು.
ಎರಡರ ಸೈರನ್ ಕೂಗಿತು, ಒಬ್ಬಳೇ ಮನೆಗೆ ಓಡಿದೆ.
ಓಡುವಾಗ ನನ್ನ ಲಂಗ ಯಾವ ಬಣ್ಣದ್ದಿತ್ತು?
ಬಗ್ಗಿ ನೋಡಿಕೊಂಡಿರಲಿಲ್ಲ.

ಅಪ್ಪನನ್ನು ಕೇಳಿದಾಗಲೆಲ್ಲ 'ನೀ ಒಬ್ಬಾಕಿನೇ' ಅನ್ನುತ್ತಿದ್ದ.
ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ ಮನುಷ್ಯ,
ಕೊನೆಯ ದಿನ ಆಕ್ಸಿಜನ್ ಹಾಕಿದಾಗಲೂ
'ಕೂಸ, ಕೂಸ.'

ಅವ್ವ ರೊಟ್ಟಿ ಬಡಿಯುತ್ತಿದ್ದಳು.
ಹೋಗಿ ಹಿಟ್ಟಿನ ಮೇಲೆ ಕೈ ಇಟ್ಟೆ.
'ಇದನ್ನ ಯಾವಾಗ ಹಾಕಿಸಿದಿ?'
'ಮಚ್ಚಿ ಅಳಿಸಾಕ ಹತ್ತಿತ್ತು. ಗಟ್ಟಿ ಮಾಡಿಸಿದೆ.'
'ಮಚ್ಚಿ ಎಲ್ಲ್ಯರ ಅಳಿಸತದೇನು?'
'ದಿನಾ ಮುಂಜಾನೆ ಕಾಡಿಗಿಲೆ ಇಡತಿದ್ದೆ, ಬೆವರಿಗೆ ಹೋಗತಿತ್ತು'
ಅಂದವಳು, ಅಂದದ್ದನ್ನು ತಾನೇ ಕೇಳಿಸಿಕೊಂಡಳು.
ಹೆಂಚಿನ ಮೇಲೆ ರೊಟ್ಟಿ ಸುಟ್ಟು ಕರಕಾಯಿತು.
ಇಬ್ಬರೂ ತಿರುವಿ ಹಾಕಲಿಲ್ಲ.

ರಾತ್ರಿ, ಹತ್ತರ ಪಾಳಿ ಇಳಿದ ಮೇಲೆ,
ಕತ್ತಲಲ್ಲಿ ನನ್ನ ಕಡೆ ಹೊರಳಿ ಕೈ ತಡವಿದಳು.
ಎಡಗೈ ಅಲ್ಲ. ಬಲಗೈ.
ಮಣಿಕಟ್ಟಿನ ಬರಿಚರ್ಮದ ಮೇಲೆ ಹೆಬ್ಬೆರಳಿಟ್ಟು
'ಹುಲಿಗೀ' ಅಂದಳು.
ನಾನು ಎಂದೂ ಕೇಳಿರದ ಹೆಸರು.
ಎಂದೂ ಕೇಳಿರದ ಹೆಸರಿಗೆ, ನನಗಿಂತ ಮೊದಲು,
ಬೆಲ್ಲ ಮೆತ್ತಿದ ಎಳೆ ದನಿಯೊಂದು ನನ್ನ ಬಾಯಲ್ಲಿ
'ಹೂಂ' ಅಂತು.

ನಾಳೆ ಎಂಟಕ್ಕೆ ಹಾಜರಿ.
ಅಮರಮ್ಮ ಅಂತ ಕೂಗುತ್ತಾರೆ.
ಬರುತ್ತಾಳೇನೋ, ನೋಡಬೇಕು.