ಆರನೇ ದೀಪ

ಧರಣೇಶ, ಪ್ಲಗ್ಗು ಆಮೇಲೆ.
ಮೊದಲು ವೈರಿನ ಸಿಪ್ಪೆ ಸುಲಿ, ಒಂದಂಗುಲ ಸಾಕು.
ಒಳಗೆ ಎಂಟು ಎಳೆ, ನಾಲ್ಕು ಜೋಡಿ.
ಹುರಿ ಹಾಕಿದ್ದು ಅಂದಕ್ಕಲ್ಲ,
ಒಂದು ಜೋಡಿಯ ಮಾತು ಪಕ್ಕದ ಜೋಡಿಯ ಕಿವಿಗೆ ಬೀಳದಿರಲಿ ಅಂತ.

ಹೊರಗೆ ಬಿತ್ತನೆ ಆಲೂಗಡ್ಡೆಯ ಕಾಲ.
ಜಲಂಧರದಿಂದ ಬಂದ ಲಾರಿಗಳು ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಮೂತಿಗೆ ಮೂತಿ ತಾಗಿಸಿ ನಿಂತಿವೆ.
ತೂಕದ ಮನೆಯಿಂದ ಆಫೀಸಿಗೆ ಅರವತ್ತು ಮೀಟರು;
ನೂರು ದಾಟಿದರೆ ಮಾತು ಸೊರಗುತ್ತದೆ, ನೆನಪಿಡು.
ಅಲ್ಲಿನ ಕಾಟಾ ಇಲ್ಲಿನ ಕಂಪ್ಯೂಟರಿಗೆ
ತೂಕ ಹೇಳಬೇಕು. ಅಷ್ಟೇ ನಮ್ಮ ಕೆಲಸ.

ಹೇಗೆ ಹೇಳುತ್ತದೆ ಅಂದೆಯಲ್ಲ,
ಆ ಹಮಾಲರನ್ನು ನೋಡು.
ಲಾರಿಯನ್ನು ಯಾರೂ ಇಡಿಯಾಗಿ ಹೊರುವುದಿಲ್ಲ.
ಚೀಲಕ್ಕೊಂದು ನಂಬರು; ಯಾರಿಂದ, ಯಾರಿಗೆ.
ಇಪ್ಪತ್ತಮೂರು ಬರಲಿಲ್ಲ ಅನ್ನು,
ಇಪ್ಪತ್ತಮೂರನ್ನಷ್ಟೇ ಮತ್ತೆ ಕೇಳು,
ಎಲ್ಲ ಚೀಲವನ್ನೂ ಜಲಂಧರಕ್ಕೆ ವಾಪಸು ಕಳಿಸಬೇಡ.

ಅಷ್ಟರಲ್ಲಿ ಮೈಕು ಕೆಮ್ಮಿತು:
"ಕೆಎ ಹದಿಮೂರು, ನಲವತ್ತು ಹನ್ನೊಂದು, ಯಾರದಪ್ಪಾ ಗಾಡಿ?"
ಯಾರ್ಡಿಗೆ ಯಾರ್ಡೇ ಕೇಳಿಸಿಕೊಂಡಿತು,
ಒಬ್ಬನೇ ಒಬ್ಬ ಬೀಡಿ ಹೊಸಕಿ ಎದ್ದ.
ಇಂದ್ರಾಣಿ ಮೇಡಂ ಅವನ ಜಾಗ ಗುರುತು ಹಾಕಿಕೊಂಡರು:
ಹೊಂಗೆ ಮರದ ಕೆಳಗೆ, ಮೂರನೆಯವನು.
ಮುಂದಿನ ಚೀಟಿ ಮೈಕು ಹತ್ತಲಿಲ್ಲ,
ನೇರ ಹೊಂಗೆ ಮರಕ್ಕೇ ಹೋಯಿತು.
ಈ ಸ್ವಿಚ್ಚು ದಿನವಿಡೀ ಮಾಡುವುದೂ ಇದನ್ನೇ ಕಣೋ,
ಬೀಡಿ ವಾಸನೆಯೊಂದಿಲ್ಲ.

ನೀನು ನಕ್ಕೆ. ಎಂಟೂ ಎಳೆ ಜೋಡಿಸಿ,
ಇಕ್ಕಳ ಒತ್ತಿ, ಟೆಸ್ಟರಿಗೆ ಸಿಕ್ಕಿಸಿದೆ.
ಒಂದು, ಎರಡು, ಮೂರು, ನಾಲ್ಕು, ಐದು.
ಈಚೆ ಆರು ಹತ್ತಿತು,
ಆಚೆ ಎಂಟು.

ಕತ್ತರಿಸಿ ಮತ್ತೆ ಮಾಡಿದೆ. ಮತ್ತೆ ಅದೇ.
ಮೂರನೆಯ ಪ್ಲಗ್ಗೂ ಹಾಳಾದಾಗ ನಾನು ಬೈದೆ:
"ಹಸಿರು ಯಾವುದು, ಕಂದು ಯಾವುದು, ಅಷ್ಟೂ ಕಾಣಲ್ವೇನೋ?"
ನೀನು ತಲೆ ತಗ್ಗಿಸಿ ವೈರಿಗೆ ಹೇಳಿದೆ,
"ಕಾಣಲ್ಲ ಅಕ್ಕ. ಎರಡೂ ಒಂದೇ ಥರ. ಮುಂಚಿಂದಲೂ."

ಕಾಟಾದ ಹತ್ತಿರ ಯಾರೋ ಕೂಗಾಡುತ್ತಿದ್ದರು, ತೂಕ ನಿಂತುಹೋಗಿತ್ತು.
ಸಮಾಧಾನದ ಮಾತು ನನಗೆ ಹೊಳೆಯಲಿಲ್ಲ. ಹೊಳೆದದ್ದು ಇಷ್ಟು:
ತಾಮ್ರಕ್ಕೆ ಬಣ್ಣ ಗೊತ್ತಿಲ್ಲ.
ಹಸಿರು ಜೋಡಿಯ ಜಾಗಕ್ಕೆ ಕಂದು ಜೋಡಿಯನ್ನು
ಎರಡೂ ತುದಿಯಲ್ಲಿ ಒಂದೇ ಥರ ತಪ್ಪಾಗಿ ಕೂರಿಸಿದ್ದರೆ
ದೀಪ ಸಾಲಾಗಿ ಹತ್ತುತ್ತಿತ್ತು, ತೂಕ ಓಡುತ್ತಿತ್ತು,
ನಾನೂ ಬೈಯುತ್ತಿರಲಿಲ್ಲ.
ಪ್ರೋಟೊಕಾಲ್ ಅಂತ ದೊಡ್ಡ ಹೆಸರಿಟ್ಟಿದ್ದಾರೆ;
ಹೀಗೆ ಅಂದರೆ ಹೀಗೆ ಅಂತ
ಎರಡು ತುದಿ ಒಪ್ಪಿಕೊಂಡಿರುವುದು, ಅಷ್ಟೆ.

ಇದನ್ನು ನಿನಗೆ ಹೇಳುವಷ್ಟರಲ್ಲಿ
ನೀನು ಜೋಡಿಗಳನ್ನು ಉಗುರಿನಿಂದ ಸವರುತ್ತಿದ್ದೆ.
"ಅಕ್ಕ, ಇದರ ಹುರಿ ಬಿಗಿ. ಇದರದ್ದು ಸಡಿಲ."
ಹನ್ನೊಂದು ವರ್ಷದಿಂದ ಈ ವೈರು ಸುಲಿಯುತ್ತಿದ್ದೇನೆ,
ಒಂದು ದಿನವೂ ಎಣಿಸಿರಲಿಲ್ಲ.
"ಬಿಗಿ ಇರೋದು ಯಾವ್ದು?"
"ಹಸಿರು."
"ಸರಿ. ಹೊಸ ಸುರುಳಿ ತಂದಾಗ ಒಂದ್ಸಲ ಕೇಳ್ತೀನಿ.
ಕಂಪನಿ ಬೇರೆಯಾದ್ರೆ ಹುರಿನೂ ಬೇರೆ ಇರುತ್ತೆ."

ನಾಲ್ಕನೆಯ ಪ್ಲಗ್ಗು.
ಆರಕ್ಕೆ ಆರು. ಏಳು. ಎಂಟು.

ನೀನು ತೂಕದ ಮನೆಗೆ ಓಡಿದೆ.
ನಾನು ಕಪ್ಪು ಪರದೆಯಲ್ಲಿ ಕಾಟಾದ ವಿಳಾಸ ಒತ್ತಿ ಕೂಗಿದೆ.
ಪಿಂಗ್ ಅಂದರೆ ಇಷ್ಟೇ: ಇದ್ದೀಯೇನೋ?
ಆಚೆಯಿಂದ ಓಗೊಡಬೇಕು.
ಮೊದಲ ಕೂಗು, ಮನೆ ಹುಡುಕುವುದರಲ್ಲೇ ಕಳೆದುಹೋಯಿತು.
ಎರಡನೆಯದಕ್ಕೆ ಓ.
ಮೂರನೆಯದಕ್ಕೂ ಓ.

ಫೋನಿನಲ್ಲಿ ಕೇಳಿದೆ,
"ಹಸಿರು ದೀಪ ಉರೀತಿದೆಯಾ ನೋಡು,"
ಅಂದವಳು ನಾಲಿಗೆ ಕಚ್ಚಿಕೊಂಡೆ.
ಬಣ್ಣ ಬಿಟ್ಟು ಹೇಳುವುದು ನನಗಿನ್ನೂ ರೂಢಿಯಾಗಬೇಕು.
"ಎಡಗಡೇದು, ಧರಣೇಶ. ಮಿನುಗ್ತಿದೆಯಾ?"

ಹಿಂದೆ ಲಾರಿಯ ಹಾರನ್ನು, ಚೀಲ ಬೀಳುವ ಸದ್ದು.
"ಮಿನುಗ್ತಿದೆ ಅಕ್ಕ.
ಒಂದೇ ಸಮ ಇಲ್ಲ, ಆದ್ರೆ ಮಿನುಗ್ತಿದೆ."