ಅರ್ಧ ದಾರಿಯ ಊಟ

ಸಲಾಲಾಕ್ಕೆ ಸಾವಿರ ಕಿಲೋಮೀಟರು.
ನನ್ನ ಕರಾರು ಒಂದೇ: ಮಸ್ಕತ್ತಿನಲ್ಲಿ ಶಾಖೆ ಇರುವ
ಯಾವ ಹೋಟೆಲಿನ ಮುಂದೂ ಗಾಡಿ ನಿಲ್ಲಬಾರದು.
ಸಂಗಣ್ಣ ಹೂಂ ಅಂದ. ಹಿಂದಿನ ಸೀಟಿನಡಿ
ಅವನು ಕಟ್ಟಿಟ್ಟುಕೊಂಡ ಹನ್ನೆರಡು ಚಪಾತಿ, ಶೇಂಗಾ ಚಟ್ನಿ.
ನಾನು ನೋಡಿಲ್ಲ ಅಂದುಕೊಂಡಿದ್ದ.

ಆದಮ್ ದಾಟುವ ಮುಂಚೆ, ಪಂಚರ್ ಅಂಗಡಿಗೆ ಒತ್ತಿಕೊಂಡು
ಎರಡೇ ಮೇಜಿನ ಕೆಫೆಟೇರಿಯಾ.
ಪರೋಟದೊಳಗೆ ಮೊಟ್ಟೆ, ಮೊಟ್ಟೆಯ ಮೇಲೆ
ಖಾರದ ಚಿಪ್ಸನ್ನು ಮುಷ್ಟಿಯಲ್ಲೇ ಪುಡಿ ಮಾಡಿ
ಉದುರಿಸುತ್ತಾನೆ ಕುಂಞಮ್ಮದ್.
ಇದು ಯಾವ ಊರಿನ ತಿಂಡಿ, ಕೇಳಿದೆ.
ಈ ಅಂಗಡಿಯದು, ಅಂದ, ತಲೆ ಎತ್ತದೆ.
ಮೊಟ್ಟೆಯನ್ನು ಕಾಯಿಪಲ್ಲೆಯ ಲೆಕ್ಕಕ್ಕೇ ಹಿಡಿಯುವ ಸಂಗಣ್ಣ
ಎರಡು ತಿಂದ. ಚಪಾತಿಯ ಮಾತೇ ಇಲ್ಲ.

ಘಾಬಾದ ಆಚೆ, ಘಾಫ್ ಮರದ ಕೆಳಗೆ
ಪಿಕಪ್ಪಿನ ಹಿಂಬಾಗಿಲು ಬಿಚ್ಚಿ ಒಲೆ ಹೂಡಿದ್ದಳು ಉಮ್ಮ್ ಹಮೂದ್.
ಹಿಟ್ಟಿನ ಮುದ್ದೆಯನ್ನು ಕಾದ ಹಂಚಿಗೆ ಒರೆಸಿ
ಕೈ ತೆಗೆದರೆ, ರೊಟ್ಟಿ.
ನಮ್ಮ ಕಡೆಯ ಖಡಕ್ ರೊಟ್ಟಿಯ ನೆರಳಿನಷ್ಟು ತೆಳು.
ಅದರ ಮೇಲೆ ಜೇನು. ಸಂಗಣ್ಣ ಮಡಚಿದ್ದು ತಪ್ಪಾಯಿತೆಂದು
ಅವನ ಕೈಗೆ ಮೆತ್ತಗೆ ಹೊಡೆದಳು,
ತಾನೇ ಮಡಚಿ ಕೊಟ್ಟಳು.

ಆಮೇಲೆ ಏನೂ ಇಲ್ಲ.
ಒಂದು ಕಡೆ ಬೀಗ, ಕಿಟಕಿಯೊಳಗೆ ತಲೆಕೆಳಗಾದ ಕುರ್ಚಿ.
ಇನ್ನೊಂದು ಕಡೆ ಡೀಸೆಲ್ ವಾಸನೆಯ ಬಿರಿಯಾನಿ,
ಅದರ ವಿಷಯ ಬೇಡ.
ಒಂಟೆಯ ಚಿತ್ರದ ಎಚ್ಚರಿಕೆ ಫಲಕಗಳು; ಒಂಟೆ ಮಾತ್ರ ಇಲ್ಲ.
ನೂರಿಪ್ಪತ್ತು ದಾಟಿದಾಗೆಲ್ಲ ಗಾಡಿ ಟಿಂಗ್ ಅನ್ನುತ್ತದೆ,
ಸಂಗಣ್ಣ ಅದಕ್ಕೂ ಹೂಂ ಅನ್ನುತ್ತಾನೆ.

ಹೈಮಾ. ಮೂರು ಹೊಡೆಯಲು ಹತ್ತು ನಿಮಿಷ.
ಪಂಪಿನ ಹಿಂದೆ, ಲಾರಿಗಳು ಮಲಗುವ ಬಯಲಿನಾಚೆ
ನೀಲಿ ಬಾಗಿಲು. ಲೈಸೆನ್ಸಿನ ಫಲಕದ ಕೆಳಗೆ
ಕುಂಚ ಹಿಡಿದು ಯಾರೋ ಅರಬಿಯಲ್ಲಿ ಬರೆದ ಇನ್ನೊಂದು.
ಹನ್ನೊಂದು ವರ್ಷದಲ್ಲಿ ನಾನು ಕಲಿತಷ್ಟು ಅಕ್ಷರಗಳನ್ನು
ಬಲದಿಂದ ಎಡಕ್ಕೆ ಕೂಡಿಸಿದೆ:
ಸೀನ್, ಅಲಿಫ್, ಕಾಫ್, ರಾ, ಯಾ.
ಸಾಕ್ರಿ.
ಯಾರದೋ ಮನೆತನ ಇರಬೇಕು, ಅಂದ ಸಂಗಣ್ಣ.

ಒಳಗೆ ಸಿಲ್ಹೆಟ್ಟಿನ ತೊಫೊಜ್ಜುಲ್. ಅನ್ನ, ಬೇಳೆ,
ಸಾಸಿವೆ ಎಣ್ಣೆಯಲ್ಲಿ ಕರಿದ ಬದನೆಕಾಯಿ, ಅಂಗೈ ಅಗಲ.
ಎರಡನೇ ಸಲ ಬಡಿಸಿ, ಕಣ್ಣರಳಿಸಿ ಕೇಳಿದ: ಸಾಕ್ರಿ?
ಇಬ್ಬರೂ ತುತ್ತು ಕೈಯಲ್ಲೇ ಹಿಡಿದು ಕೂತೆವು.

ಗದಿಗೆಪ್ಪ ಅಂತ ಒಬ್ಬ ವೆಲ್ಡರು, ತೊಫೊಜ್ಜುಲ್ ಹೇಳಿದ,
ನಾಲ್ಕು ವರ್ಷ, ಶುಕ್ರವಾರವೆಲ್ಲ, ಅದೇ ಕುರ್ಚಿ.
ಅವನಿಗೆ ಹಿಂದಿ ಬಾರದು, ನನಗೆ ಅವನ ಮಾತು ಬಾರದು.
ಸೌಟು ಹಿಡಿದು ಹೋದಾಗೆಲ್ಲ ತಟ್ಟೆಗೆ ಅಂಗೈ ಅಡ್ಡ ಇಟ್ಟು,
ಬಾಯ್ತುಂಬ ಅನ್ನ, ಮುಖತುಂಬ ನಗು:
ಸಾಕ್ರಿ, ಸಾಕ್ರಿ.
ಅವನ ಕ್ಯಾಂಪು ಮರ್ಮೂಲಿಗೆ ಎತ್ತಿದ ವಾರ
ನಾನೇ ಬಣ್ಣ ತಂದು ಬರೆದೆ.
ಬಹಳ ರುಚಿ ಅಂತ ತಾನೇ?

ಸಂಗಣ್ಣನ ಮೊಣಕಾಲು ಮೇಜಿನಡಿ ನನ್ನ ಮೊಣಕಾಲು ತಿವಿಯಿತು.
ಹೌದು, ಅಂದೆ.
ಸೌಟು ಮತ್ತೆ ಬಂತು.
ಆ ಒಂದು ಮಾತನ್ನು ಬಿಟ್ಟು ಬೇರೇನು ಹೇಳಲೂ ತೋಚಲಿಲ್ಲ;
ಆ ಮಾತನ್ನು ಹೇಳುವಂತಿರಲಿಲ್ಲ. ಉಂಡೆವು.
ನಾಲ್ಕನೆಯದನ್ನೂ.

ದುಡ್ಡು ಎಣಿಸಿ ಕೊಟ್ಟ ಮೇಲೆ ಸಂಗಣ್ಣ ಸುಮ್ಮನೆ ಹೊರಗೆ ಹೋಗಿ
ಡಬ್ಬಿ ತಂದು ಗಲ್ಲಾದ ಮೇಲಿಟ್ಟ. ಹನ್ನೆರಡೂ ಹಾಗೇ ಇದ್ದವು.
ತೊಫೊಜ್ಜುಲ್ ಒಂದು ಚೂರು ಮುರಿದ,
ಚಟ್ನಿಯನ್ನು ಒತ್ತಿ ಹಚ್ಚಿಕೊಂಡ, ನಮ್ಮ ಹಾಗೆಯೇ, ಧಾರಾಳ.
ಕೆಮ್ಮಿದ. ಕಣ್ಣಲ್ಲಿ ನೀರು. ಮೂಗು ಕೆಂಪು.
ಸಂಗಣ್ಣ ಇನ್ನೊಂದಿಷ್ಟು ಹಾಕಲು ಹೋದರೆ
ಅಂಗೈ ಅಡ್ಡ ಹಿಡಿದು, ನಗುತ್ತ, ಉಸಿರು ಸಿಗದೆ:
ಸಾಕ್ರಿ! ಸಾಕ್ರಿ!

ಯಾವ ಅರ್ಥದಲ್ಲಿ ಅಂದನೋ.
ಕಿತ್‌ಬಿತ್ ಬರುವ ತನಕ ಅದೇ ಜಗಳ ನಮ್ಮದು,
ಗಾಡಿ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು.